ವೈಸರಾಯರ ಅರಮನೆಯಲ್ಲಿ ಕುದಾಪುರದ ಕಂಬಳಿ

ಮೈಸೂರಿನ ಲಲಿತಮಹಲ್ ಅರಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಬಂದವನು ನಾನು ಎಂದರೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ನನ್ನ ಗೆಳೆಯರು ಒಬ್ಬರೂ ನಂಬುವುದಿಲ್ಲ. "ಬಿಡಲೇ, ಕನಸಲ್ಲಿ ಹೋಗಿದ್ದೇನೋ" ಅಂತಾರೆ. ಅವರ ತಪ್ಪೂ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಪತ್ರಿಕೆಗಳಿಗೆ ಬಿಡಿ ಬರಹ ಬರೆದು ಬದುಕುವ ನನ್ನಂಥವನಿಗೂ ಅಂಥ ಜಾಗಕ್ಕೂ ಎತ್ತಣ ಸಂಬಂಧ?

ಆದರೂ ಹೋಗಿದ್ದೆ. ಒಬ್ಬನೇ ಅಲ್ಲ, ಅಪ್ಪನನ್ನೂ ಕರೆದುಕೊಂಡು. ಕುದಾಪುರದಲ್ಲಿ ಕುರಿ ಕಾದು ಅರವತ್ತು ದಾಟಿದ ನಮ್ಮಪ್ಪ, ಹೆಗಲ ಮೇಲಿನ ಕಂಬಳಿಯ ಸಮೇತ!

ಆ ಯೋಗ ಬಂದದ್ದು ಹೀಗೆ. ಒಂದು ಚಿತ್ರಕ್ಕೆ ನಾನು ಐದು ತಿಂಗಳು ಪ್ರಚಾರದ ಬರಹ ಬರೆದುಕೊಟ್ಟಿದ್ದೆ. ಚಿತ್ರದ ಹೆಸರು ಬೇಡ, ಅದು ತೆರೆ ಕಾಣಲೇ ಇಲ್ಲ. ದುಡ್ಡು ಕೇಳಿದಾಗಲೆಲ್ಲ ಪ್ರೊಡಕ್ಷನ್ ಮ್ಯಾನೇಜರ್ "ಮುಂದಿನ ಶೆಡ್ಯೂಲಿಗೆ" ಎನ್ನುತ್ತಿದ್ದರು. 2023ರ ಜೂನ್ ತಿಂಗಳು. ಲಲಿತಮಹಲಿನಲ್ಲಿ ಎರಡು ದಿನದ ಚಿತ್ರೀಕರಣ ಗೊತ್ತಾಗಿತ್ತು. ನಾಯಕನ ಕಾಲ್‌ಶೀಟು ಕೈಕೊಟ್ಟಿತು. ಮುಂಗಡ ಕಟ್ಟಿದ ಒಂದು ರೂಮು ಮಾತ್ರ ಉಳಿದಿತ್ತು.

"ದುಡ್ಡಂತೂ ಇಲ್ಲ ಮಾರಾಯ. ಭಾನುವಾರ ರಾತ್ರಿ ನೀನೇ ಹೋಗಿ ಇದ್ದು ಬಾ. ಅಲ್ಲಿಗೆ ನಿನ್ನ ಲೆಕ್ಕ ಚುಕ್ತಾ" ಎಂದರು ಮ್ಯಾನೇಜರ್.

ಐದು ತಿಂಗಳ ದುಡಿಮೆಗೆ ಒಂದು ರಾತ್ರಿಯ ನಿದ್ದೆ! ಸಿಟ್ಟು ಬಂತು. ಆದರೆ ಆ ವಾರವೇ ಅಪ್ಪ ಕಣ್ಣು ತೋರಿಸಲೆಂದು ಬೆಂಗಳೂರಿಗೆ ಬಂದು ಶ್ರೀರಾಂಪುರದ ನನ್ನ ಕೋಣೆಯಲ್ಲಿದ್ದ. ಸಿಟ್ಟನ್ನು ನುಂಗಿಕೊಂಡೆ. "ಅಪ್ಪ, ಮೈಸೂರು ನೋಡ್ತೀಯಾ?" ಅಂದೆ.

"ಬಸ್ ಚಾರ್ಜು ಎಷ್ಟು?" ಅಂದ ಅಪ್ಪ.

ಕುರಿಯ ಲೆಕ್ಕ

ನಮ್ಮಪ್ಪನ ಲೆಕ್ಕವೆಲ್ಲ ಕುರಿಯಲ್ಲೇ. ನನ್ನ ಮೊಬೈಲು ಅವನಿಗೆ ಒಂದೂವರೆ ಟಗರು. ನನ್ನ ಕೋಣೆಯ ಬಾಡಿಗೆ ತಿಂಗಳಿಗೆ ಅರ್ಧ ಕುರಿ. ಎಂಥ ಸಾಮಾನು ಕಂಡರೂ ಒಂದು ಗಳಿಗೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಇಷ್ಟು ಕುರಿ ಎಂದು ಹೇಳಿಬಿಡುತ್ತಾನೆ. ಮೈಸೂರಿಗೆ ಇಬ್ಬರ ಬಸ್ ಚಾರ್ಜು ಕುರಿಯ ಲೆಕ್ಕಕ್ಕೂ ಬಾರದಷ್ಟು ಕಡಿಮೆ ಎಂದು ಗೊತ್ತಾದ ಮೇಲೆಯೇ ಹೊರಡಲು ಒಪ್ಪಿದ್ದು.

ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊರಟೆವು. ರಾಮನಗರ, ಮಂಡ್ಯ ದಾಟುವವರೆಗೆ ಅಪ್ಪ ಕಿಟಕಿಯಲ್ಲಿ ಗದ್ದೆ ನೋಡುತ್ತ, "ನೀರೇ ನೀರು" ಅನ್ನುತ್ತಿದ್ದ. ಶ್ರೀರಂಗಪಟ್ಟಣ ಬಂತು ಅಂದಾಗ ಸುಮ್ಮನೆ ಕೈ ಮುಗಿದ.

"ರಂಗನಾಥಸ್ವಾಮಿಗಾ?" ಅಂದೆ.

"ಇಲ್ಲ ಕಣಲೇ. ಮದಕರಿನಾಯಕನಿಗೆ."

ನನಗೆ ಮಾತೇ ಹೊರಡಲಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದು, ಮದಕರಿನಾಯಕನನ್ನು ಸೆರೆಹಿಡಿದು ತಂದದ್ದು ಇದೇ ಶ್ರೀರಂಗಪಟ್ಟಣಕ್ಕೆ. ಆತ ಮತ್ತೆ ದುರ್ಗದ ಕೋಟೆಯನ್ನು ಕಾಣಲಿಲ್ಲ. ಸೆರೆಯಲ್ಲೇ ತೀರಿಕೊಂಡ. ನಮ್ಮ ಸೀಮೆಯ ದೊರೆ ಕೈದಿಯಾಗಿ ಬಂದ ದಾರಿಯಲ್ಲಿ ನಮ್ಮ ಸೀಮೆಯ ಕುರಿಗಾರ ಅತಿಥಿಯಾಗಿ ಹೊರಟಿದ್ದ. ಅದು ನನಗೆ ಹೊಳೆದದ್ದು ಆಗ. ಅಪ್ಪನಿಗೆ ಬೆಂಗಳೂರಿನಲ್ಲೇ ಹೊಳೆದಿರಬೇಕು.

ಬಿಳೀ ಅರಮನೆ

ಓದುಗ ಮಿತ್ರರೇ, ನೀವು ಲಲಿತಮಹಲಿಗೆ ಹೋಗಿರಲಿ ಬಿಡಲಿ, ಅದನ್ನು ಖಂಡಿತ ನೋಡಿದ್ದೀರಿ. ಶ್ರೀಮಂತ ನಾಯಕಿಯ ತಂದೆ ರೇಷ್ಮೆ ಗೌನು ತೊಟ್ಟು, ಪೈಪು ಕಚ್ಚಿ, ಅಮೃತಶಿಲೆಯ ಮೆಟ್ಟಿಲಿಳಿಯುತ್ತ "ನಿಲ್ಲು!" ಎಂದು ಬಡ ನಾಯಕನಿಗೆ ಗದರುತ್ತಾನಲ್ಲ, ಅಂಥ ಮೆಟ್ಟಿಲು. ಚಾಮುಂಡಿ ಬೆಟ್ಟದ ಬುಡಕ್ಕೆ, ಊರಿಗೆ ಸ್ವಲ್ಪ ಹೊರಗೆ, ಎತ್ತರದಲ್ಲಿ ಬೆಳ್ಳಗೆ ನಿಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರು ಬಂದಾಗ ಇಳಿದುಕೊಳ್ಳಲೆಂದು ಕಟ್ಟಿಸಿದ್ದು. 1921ರಲ್ಲಿ ಅಡಿಗಲ್ಲು ಹಾಕಿದರು, 1931ಕ್ಕೆ ಮುಗಿಯಿತು. ನಕ್ಷೆ ಬರೆದವರು ಮುಂಬಯಿಯ ಇ. ಡಬ್ಲ್ಯೂ. ಫ್ರಿಚ್ಲಿ. ನಡುವಿನ ದೊಡ್ಡ ಗುಮ್ಮಟ ನೋಡಿದವರು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಹೋಲಿಕೆ ಹೇಳುತ್ತಾರೆ. 1974ರಲ್ಲಿ ಹೋಟೆಲಾಯಿತು. ವೈಸರಾಯರ ಕಾಲ ಮುಗಿದು, ದುಡ್ಡು ಕೊಟ್ಟವರ ಕಾಲ ಬಂತು.

ಆಟೋ ಇಳಿದೆವು. ನನ್ನ ಎದೆ ಡವಡವ. ಕೈಯಲ್ಲಿ ಮ್ಯಾನೇಜರ್ ಕೊಟ್ಟ ಚೀಟಿ, ಬೆನ್ನಿಗೆ ಹರಿದ ಬ್ಯಾಗು. ಹಿಂತಿರುಗಿ ನೋಡಿದರೆ ಅಪ್ಪ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುತ್ತಿದ್ದ!

ಬಾಗಿಲಲ್ಲಿ ರುಮಾಲು ಸುತ್ತಿ ನಿಂತಿದ್ದ ಹಿರಿಯರು ಓಡಿ ಬಂದರು. ಬೈಯುತ್ತಾರೇನೋ ಅಂದುಕೊಂಡೆ. "ಯಜಮಾನ್ರೇ, ಹಾಕ್ಕೊಂಡೇ ಬನ್ನಿ. ಇದು ದೇವಸ್ಥಾನ ಅಲ್ಲ" ಎಂದರು.

"ದೊರೆ ಮನೆ ಅಲ್ವೇನಪ್ಪ?"

"ಹೌದು."

"ಮತ್ತೆ?" ಎಂದು ಅಪ್ಪ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದ. ಆ ಹಿರಿಯರು ಏನೂ ಅನ್ನಲಿಲ್ಲ. ಮುಂದೆ ನಡೆದು ಬಾಗಿಲು ಹಿಡಿದು ನಿಂತರು. ಎಷ್ಟೋ ನಟರಿಗೆ ಬಾಗಿಲು ತೆರೆದ ಕೈ ಅದು. ನಮ್ಮಪ್ಪನಿಗೂ ಹಾಗೇ ತೆರೆಯಿತು. ಆ ಒಂದು ಗಳಿಗೆಗೆ ಐದು ತಿಂಗಳ ಬಾಕಿಯನ್ನು ನಾನು ಮನ್ನಾ ಮಾಡಿಬಿಟ್ಟೆ.

ಒಳಗೆ ನಾಲ್ವಡಿಯವರ ಆಳೆತ್ತರದ ಚಿತ್ರವಿದೆ. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತ.

"ಮಾರಿಕಣಿವೆ ದೊರೆ" ಎಂದ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ, ಇವರ ಕಾಲದಲ್ಲೇ. ಹೆಸರಿಟ್ಟದ್ದು ಇವರ ತಾಯಿಯದ್ದು. 1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರಿನಲ್ಲಿ, ಅದು ತುಂಬಿ ಕೋಡಿ ಬಿದ್ದಾಗ ಅಪ್ಪ ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ ನೋಡಿ ಬಂದಿದ್ದ. ಎಂಬತ್ತೊಂಬತ್ತು ವರ್ಷಕ್ಕೆ ಬಿದ್ದ ಕೋಡಿ! ಆಮೇಲೆ ಅಪ್ಪ ದನಿ ತಗ್ಗಿಸಿ ಹೇಳಿದ: "ಇವರ ಮನೆ ದನ ನಮ್ಮೂರ ಕಾವಲಲ್ಲಿ ಮೇಯ್ತಿದ್ವು. ನಮ್ಮ ತಾತ ಕಂಡೋನು."

ಗೆಳೆಯರೇ, ಇದು ಬರೀ ಮಾತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟ. ಆ ತಳಿಯ ಎತ್ತುಗಳು ಹೈದರ್, ಟಿಪ್ಪು ದಂಡಿನ ಫಿರಂಗಿ ಎಳೆದವು. ಅವುಗಳ ಮೇವಿಗೆ ಬಿಟ್ಟ ಹುಲ್ಲುಗಾವಲೇ ಅಮೃತಮಹಲ್ ಕಾವಲು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಯಲ್ಲೆಲ್ಲ ಹಬ್ಬಿತ್ತು. ದೊರೆಯ ದನದ ಜೊತೆಗೆ ಊರವರ ಕುರಿ, ಮೇಕೆ, ದೇವರ ಎತ್ತು ಎಲ್ಲವೂ ಅಲ್ಲೇ ಮೇದವು. ಕುದಾಪುರದ ಕಾವಲು ಅಂಥದ್ದೊಂದು. ಮಳೆ ಕಡಿಮೆಯಾದ ನಮ್ಮ ಬಯಲಲ್ಲಿ ಅದೇ ನಮ್ಮ ಬ್ಯಾಂಕು.

2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು ಹತ್ತು ಸಾವಿರ ಎಕರೆ ಕಾವಲು ದೊಡ್ಡ ದೊಡ್ಡ ಕೆಲಸಗಳಿಗೆ ಹಂಚಿಕೆಯಾಯಿತು. ಗೋಡೆ ಎದ್ದಿತು, ಬೇಲಿ ಬಂತು. ಅರವತ್ತು ಕುರಿ ಇಟ್ಟಿದ್ದ ಅಪ್ಪ ಹದಿನೈದಕ್ಕೆ ಇಳಿದ.

ಅಪ್ಪ ಚಿತ್ರದ ಮುಂದೆಯೇ ನಿಂತು ಹೇಳಿದ: "ಆಗ ದೊರೆ ಮನೆ ಒಳಗೆ ನಾವು ಬರಂಗಿರ್ಲಿಲ್ಲ, ದೊರೆ ಕಾವಲಿಗೆ ಹೋಗ್ತಿದ್ವಿ. ಈಗ ದೊರೆ ಮನೆ ಒಳಗೆ ಬಂದೀವಿ. ಕಾವಲಿಗೆ ಹೋಗಂಗಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬರಲಿಲ್ಲ ಎಂದು ಹೇಳುವಾಗಿನ ದನಿಯಲ್ಲಿ ಹೇಳಿದ.

ಬಾನಿಯೂ ಬುತ್ತಿಯೂ

ಮರದ ಹಳೇ ಲಿಫ್ಟಿನಲ್ಲಿ ಮೇಲೆ ಹೋದೆವು. ರೂಮಿನ ಎತ್ತರ ನೋಡಿ ಅಪ್ಪ, "ಇದರೊಳಗೆ ಇನ್ನೊಂದು ಮನೆ ಕಟ್ಟಬಹುದು" ಎಂದ. ಬಚ್ಚಲು ಮನೆಯ ಟಬ್ಬನ್ನು ತಟ್ಟಿ, "ಎಷ್ಟು ಕುರಿಗೆ ನೀರು ಕುಡಿಸೋ ಬಾನಿ ಇದು?" ಎಂದ. ಕಿಟಕಿಯಿಂದ ಹುಲ್ಲುಹಾಸು ನೋಡಿ ನಿಟ್ಟುಸಿರು ಬಿಟ್ಟ. "ಇಷ್ಟು ಹಸಿರು ಹುಲ್ಲು... ಒಂದು ಕುರಿನೂ ಇಲ್ವಲ್ಲೋ!"

"ಒಂದು ರಾತ್ರಿಗೆ ಎಷ್ಟು?" ಎಂದು ಕೇಳಿದ. ಹೇಳಿದೆ. ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು. "ಒಂದು ಒಳ್ಳೇ ಟಗರು" ಎಂದ. ಆಮೇಲೆ ಹಾಸಿಗೆಯನ್ನು ಒತ್ತಿ ನೋಡಿ, "ಟಗರಿನ ಮೇಲೆ ಮಲಗಿದಂಗೇ ಐತೆ" ಎಂದು ನಕ್ಕ. ಅಪ್ಪ ಹಾಗೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಭಾನುವಾರವಾದ್ದರಿಂದ ಸಂಜೆ ದೊಡ್ಡ ಅರಮನೆಯ ದೀಪ ನೋಡಲು ಹೋದೆವು. ಮರದ ಹಳೇ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ್ದು ಇದು. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಜನ "ಹೋ" ಎಂದರು. ಟಾಕೀಸಿನಲ್ಲಿ ನಾಯಕನ ಮೊದಲ ದೃಶ್ಯಕ್ಕೆ ಎದ್ದೇಳುತ್ತದಲ್ಲ, ಅದೇ "ಹೋ". ಅಪ್ಪ ಕೂಡ ಅಂದ. ನಾನೂ ಅಂದೆ.

ರಾತ್ರಿ ಊಟಕ್ಕೆ ಕೆಳಗಿನ ಸಭಾಂಗಣಕ್ಕೆ ಇಣುಕಿ ನೋಡಿದೆವು. ಒಂದು ಕಾಲಕ್ಕೆ ದೊರೆಗಳ ಅತಿಥಿಗಳು ಕುಣಿದ ಜಾಗ. ಮೇಲೆ ಬಣ್ಣದ ಗಾಜು, ಕೆಳಗೆ ಬಿಳೀ ಮೇಜುಬಟ್ಟೆ. ಊಟದ ಪಟ್ಟಿ ನೋಡಿ ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಂಬಳಿಯ ಗಂಟು ತೋರಿಸಿದ. ರೂಮಿಗೆ ಬಂದು ನೆಲದ ಮೇಲೆ ಕೂತು, ಅವ್ವ ಕಟ್ಟಿಕೊಟ್ಟಿದ್ದ ಒಣ ರೊಟ್ಟಿ, ಚಳ್ಳಕೆರೆಯ ಶೇಂಗಾ ಚಟ್ನಿಪುಡಿ ತಿಂದೆವು. ವೈಸರಾಯರಿಗೆ ಆ ರುಚಿ ಸಿಕ್ಕಿರಲಿಕ್ಕಿಲ್ಲ.

ಎಡಿಟಿಂಗ್

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಕಾಲೇಜು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಸಿದ್ಧವಾಗಿರುತ್ತದೆ. "ಕಾವಲಿಗೆ ಬೇಲಿ ಬಂತು, ಅಪ್ಪ ಕುರಿ ಮಾರಿದ, ನನ್ನ ಓದು ನಿಂತಿತು." ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ. ಕಾಫಿ ಕೊಡಿಸುತ್ತಾರೆ. ಮೂರಕ್ಕೆ ಮೂರೂ ಮಾತು ನಿಜ. ಜೋಡಿಸಿದ ರೀತಿ ಸುಳ್ಳು. ಸಿನಿಮಾದಲ್ಲಿ ಇದಕ್ಕೆ ಎಡಿಟಿಂಗ್ ಅಂತಾರೆ.

ನಡುವೆ ಕತ್ತರಿಸಿ ಎಸೆದ ದೃಶ್ಯ ಇದು. 2013, ನನಗೆ ಹದಿನೇಳು. ಚಳ್ಳಕೆರೆಯಲ್ಲಿ ಎರಡನೇ ಪಿ.ಯು.ಸಿ. ಫೀಜು, ರೂಮಿನ ಬಾಡಿಗೆ, ಊಟ ಎಲ್ಲಕ್ಕೂ ಸೇರಿಸಿ ಅಪ್ಪ ನಾಲ್ಕು ಕುರಿ ಮಾರಿ ಹದಿನೆಂಟು ಸಾವಿರ ಕೈಗಿಟ್ಟ. ಇದ್ದ ಹದಿನೈದರಲ್ಲಿ ನಾಲ್ಕು! ನಾನು ಕಾಲೇಜಿಗೆ ಹೋಗಲಿಲ್ಲ. ಬೆಂಗಳೂರು ಬಸ್ಸು ಹತ್ತಿದೆ. ಗಾಂಧಿನಗರದಲ್ಲಿ ಸಹಾಯಕ ನಿರ್ದೇಶಕ ಆಗಿಬಿಡುತ್ತೇನೆಂದು. ಮೆಜೆಸ್ಟಿಕ್ಕಿನ ಲಾಡ್ಜು, ದಿನಕ್ಕೆರಡು ಸಿನಿಮಾ. ಚಾನ್ಸ್ ಕೊಡಿಸುತ್ತೇನೆಂದವನೊಬ್ಬನಿಗೆ ಹತ್ತು ಸಾವಿರ. ಅವನು ಮಾರನೆಯ ದಿನದಿಂದ ಫೋನು ಎತ್ತಲಿಲ್ಲ. ಇಪ್ಪತ್ತು ದಿನಕ್ಕೆ ಜೇಬು ಖಾಲಿ. ಊರಿಗೆ ಹೋಗಿ, ಓದು ತಲೆಗೆ ಹತ್ತಲಿಲ್ಲ ಅಂದೆ. ಅಪ್ಪ ದುಡ್ಡಿನ ಮಾತು ಕೇಳಲಿಲ್ಲ. ಆವತ್ತೂ ಕೇಳಲಿಲ್ಲ, ಹತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆ ರಾತ್ರಿ ಅಪ್ಪ ಮಂಚ ಹತ್ತಲಿಲ್ಲ. ರತ್ನಗಂಬಳಿಯ ಮೇಲೆ ತನ್ನ ಕರೀ ಕಂಬಳಿ ಹಾಸಿಕೊಂಡ. "ನೀನು ಮಲಗು ಮೇಲೆ. ನಿನ್ನ ದುಡಿಮೆ ಅದು" ಎಂದ. ಆ ಮಾತು ನನ್ನನ್ನು ಚುಚ್ಚಿತು. ಅಷ್ಟು ಮೆತ್ತಗಿನ ಹಾಸಿಗೆಯಲ್ಲಿ ಹೊರಳಿ ಹೊರಳಿ ಹನ್ನೆರಡು ಗಂಟೆಯಾಯಿತು. ಕೊನೆಗೆ ಇಳಿದು ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತೆ.

"ಅಪ್ಪ, ಆ ನಾಲ್ಕು ಕುರಿ ದುಡ್ಡು ನಾನು ಕಾಲೇಜಿಗೆ ಕಟ್ಟಲಿಲ್ಲ."

ಅಪ್ಪ ಎಚ್ಚರವಾಗೇ ಇದ್ದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಲ್ಕಲ್ಲ, ಐದು" ಎಂದ.

"ನಾಲ್ಕಪ್ಪ. ನಾನೇ ಸಂತೆಗೆ ಬಂದಿದ್ದೆನಲ್ಲ."

"ಬೋಳಿ ಒಂದು. ಕಿವಿ ಹರಿದಿದ್ದು ಒಂದು. ಬಿಳೀ ಕಾಲಿಂದು ಒಂದು. ಕರೀದು ಒಂದು. ಕರೀದು ಗಬ್ಬ ಇತ್ತು ಕಣಲೇ. ತಗೊಂಡೋನಿಗೆ ಗೊತ್ತಿರ್ಲಿಲ್ಲ. ಐದು ಅಂತ್ಲೇ ಲೆಕ್ಕ."

ಹತ್ತು ವರ್ಷ! ಒಂದೊಂದರ ಮೈಬಣ್ಣವನ್ನೂ, ಕಿವಿಯನ್ನೂ ಅಪ್ಪ ನೆನಪಿಟ್ಟಿದ್ದ. ಬೈದಿದ್ದರೆ, ಒಂದು ಏಟು ಕೊಟ್ಟಿದ್ದರೆ ಹಗುರಾಗುತ್ತಿದ್ದೆನೋ ಏನೋ. ನಮ್ಮ ಚಿತ್ರಗಳಲ್ಲಾದರೆ ಇಲ್ಲಿ ಮಗ ಕಾಲಿಗೆ ಬೀಳಬೇಕು, ತಂದೆ ಎತ್ತಿ ಅಪ್ಪಿಕೊಳ್ಳಬೇಕು, ಹಿನ್ನೆಲೆಯಲ್ಲಿ ಪಿಟೀಲು ಕೇಳಬೇಕು. ಅಂಥದ್ದೇನೂ ಆಗಲಿಲ್ಲ. ಅಪ್ಪ ಕಂಬಳಿಯ ಅಂಚು ಸರಿಸಿ ಜಾಗ ಕೊಟ್ಟ. "ದೀಪ ಆರಿಸು. ಯಾರ ಕರೆಂಟೋ ದಂಡ" ಎಂದ.

ಆರಿಸಿದೆ. ಲಲಿತಮಹಲಿನ ಮಂಚ ಆ ರಾತ್ರಿ ಖಾಲಿ ಇತ್ತು.

ರಾಮಾಚಾರಿ ಯಾರವನು?

ಬೆಳಿಗ್ಗೆ ಕೆಳಗೆ ಕಾಫಿ ತರಿಸಿದ. ಹೌದು, ಅಪ್ಪನೇ ತರಿಸಿದ್ದು. ಬಿಲ್ಲು ಬಂದಾಗ ನನ್ನ ಕೈ ತಡೆದು, ಎಲೆ ಅಡಿಕೆ ಸಂಚಿಯಿಂದ ನೋಟು ತೆಗೆದ. ಬಾಗಿಲ ಬಳಿಯ ಹಿರಿಯರಿಗೆ ಒಂದು ಎಲೆ, ಒಂದು ಹೋಳು ಅಡಿಕೆ ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಲ್ಲಿಂದ ಎಚ್.ಡಿ. ಕೋಟೆ ರಸ್ತೆಯಲ್ಲಿ ವಿಷ್ಣುವರ್ಧನ್ ಸ್ಮಾರಕಕ್ಕೆ ಹೋದೆವು. ಅದೇ ವರ್ಷದ ಜನವರಿ 29ರಂದು ಉದ್ಘಾಟನೆಯಾಗಿತ್ತು. ಮೈಸೂರಿನ ಈ ಮಗ 2009ರ ಡಿಸೆಂಬರ್ 30ರಂದು ಕಣ್ಣು ಮುಚ್ಚಿದ್ದೂ ಮೈಸೂರಿನಲ್ಲೇ, ಒಂದು ಹೋಟೆಲಿನಲ್ಲಿ ತಂಗಿದ್ದಾಗ. ಪ್ರತಿಮೆಯ ಮುಂದೆ ಇದನ್ನು ಹೇಳಿದಾಗ ಅಪ್ಪ ಬೆಚ್ಚಿದ.

"ರಾಮಾಚಾರಿ ಮೈಸೂರೋನಾ? ದುರ್ಗದೋನು ಅನ್ಕೊಂಡಿದ್ನಲ್ಲೋ!"

1972ರ 'ನಾಗರಹಾವು' ಚಿತ್ರ ನಮ್ಮ ದುರ್ಗದ ಕೋಟೆಯಲ್ಲಿ ತಯಾರಾದಾಗ ಅಪ್ಪನಿಗೆ ಒಂಬತ್ತು ವರ್ಷ. ಆಮೇಲೆ ಟೆಂಟಿನಲ್ಲಿ ಎಷ್ಟು ಸಲ ನೋಡಿದನೋ ಅವನಿಗೇ ಲೆಕ್ಕವಿಲ್ಲ. ಕಾದಂಬರಿ ಬರೆದ ತ.ರಾ.ಸು. ಅವರ ಮನೆತನ ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಆ ಹೆಬ್ಬಂಡೆಗಳ ಮೇಲೆ ಓಡಾಡಿದ ಹುಡುಗ ಬೇರೆ ಊರಿನವನು ಎಂದು ಅಪ್ಪ ಐವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ ಅಪ್ಪ ಮೆಲ್ಲಗೆ ಹೇಳಿದ: "ಮದಕರಿನ ಇವರು ತಗೊಂಡ್ರು. ರಾಮಾಚಾರಿನ ಕೊಟ್ರು. ಹೋಗ್ಲಿ ಬಿಡು, ಸರಿಹೋಯ್ತು."

ನನ್ನ ಲೆಕ್ಕ ಸರಿಹೋಯಿತೆಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಂದಿನಿಂದ ಕಾಲೇಜು ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಕತ್ತರಿಸಿದ ದೃಶ್ಯವನ್ನೂ ಸೇರಿಸಿ ಹೇಳುತ್ತಿದ್ದೇನೆ. ಬೇಲಿ ಬಂದದ್ದು ನಿಜ, ಅದರ ನೋವು ಬೇರೆ. ನಾನು ಓಡಿಹೋದದ್ದು ನಿಜ, ಅದರ ಲೆಕ್ಕ ಬೇರೆ. ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡಬಾರದು. ಗಾಂಧಿನಗರದ ಬಸ್ಸಿಗೆ ಕಾದು ನಿಂತು, ಈ ಪತ್ರಿಕೆ ಕೊಂಡು ಓದುತ್ತಿರುವ ತಮ್ಮಂದಿರಿಗೂ ಒಂದು ಮಾತು: ಹೋಗಿ, ಬೇಡ ಅನ್ನುವುದಿಲ್ಲ. ಚಾನ್ಸ್ ಕೊಡಿಸುತ್ತೇನೆಂದು ಮುಂಚೆ ದುಡ್ಡು ಕೇಳುವವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಜೇಬಿನಲ್ಲಿರುವ ದುಡ್ಡು ಯಾವ ಬಣ್ಣದ ಕುರಿಯದ್ದು ಎಂದು ಮನೆಯಲ್ಲಿ ಕೇಳಿಕೊಂಡೇ ಬಸ್ಸು ಹತ್ತಿ.

ಈ ಬರಹಕ್ಕೆ ಸಂಪಾದಕರು ಕೊಡುವ ಸಂಭಾವನೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಕಣ್ಣು ಮುಚ್ಚಿರಬೇಕು.

"ಒಂದು ಕಾಲು" ಎಂದ.

ಐದು ಕುರಿಗೆ ಇಪ್ಪತ್ತು ಕಾಲು. ಹತ್ತೊಂಬತ್ತು ಬಾಕಿ.